ಗೋಡೆ ದಾಟದ ಗುಂಡು

ಡೊಂಬಿವಲಿ ಪೂರ್ವದಲ್ಲಿ ಮಹಾದೇವಪ್ಪನ ಮೀಸೆಯನ್ನು ನೋಡದೆ ರೈಲು ಹತ್ತಿದವರಿಲ್ಲ. ಅದರ ಎಡತುದಿ ಕಲ್ಯಾಣದ ಕಡೆಗೂ ಬಲತುದಿ ಠಾಣೆಯ ಕಡೆಗೂ ಚಾಚಿಕೊಂಡಿತ್ತು. ನಡುವೆ ಸಿಕ್ಕಿಕೊಂಡ ಮೂಗು ಯಾವ ಗಾಡಿ ಹಿಡಿಯಬೇಕೆಂದು ತಿಳಿಯದ ಪ್ರಯಾಣಿಕನ ಹಾಗೆ ಕಂಗಾಲಾಗಿ ನಿಂತಿತ್ತು. ಕಳೆದ ಮಳೆಗಾಲದಲ್ಲಿ ಎರಡು ಗುಬ್ಬಿಗಳು ಆ ಮೀಸೆಯ ಕೆಳಗೆ ನಿಂತು ಒಂದು ಹನಿಯೂ ತಾಗದೆ ಮನೆಗೆ ಹೋದವೆಂದು ಎದುರಿನ ಹೂವಿನವಳು ಆಣೆ ಮಾಡಿ ಹೇಳುತ್ತಿದ್ದಳು. ಮೀಸೆಯ ಕೆಳಗೆ ಖಾಕಿ ಅಂಗಿ, ಅಂಗಿಯ ಮೇಲೆ ಕಾಡತೂಸಿನ ಪಟ್ಟಿ, ಮೊಣಕಾಲುಗಳ ನಡುವೆ ಜೋಡುನಳಿಗೆ ಬಂದೂಕು. ವಿಜಯಕುಮಾರ ಸಾವಕಾರರ ಬಂಗಾರದಂಗಡಿಯ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಕೊಂಡು ಅವನು ಹೀಗೆ ಕೂತು ಹನ್ನೊಂದು ವರ್ಷವಾಗಿತ್ತು. ಇಷ್ಟರಲ್ಲಿ ಸ್ಟೂಲು ಚಿಗುರದೆ ಉಳಿದದ್ದೇ ಆಶ್ಚರ್ಯ.

ಬಂದೂಕು ಅವನದೇ, ಲೈಸನ್ಸೂ ಅವನದೇ. ಈ ಕೆಲಸದ ರೀತಿಯೇ ಹಾಗೆ. ಗನ್‌ಮ್ಯಾನ್ ಬೇಕೆಂದರೆ ಮನುಷ್ಯನನ್ನೂ ಬಂದೂಕನ್ನೂ ಜೋಡಿಯಾಗಿಯೇ ಕರೆತರಬೇಕು. ಒಂದೇ ಒಂದು ಕಾಡತೂಸು ಕೊಂಡರೂ ಅದು ಅವನ ಲೈಸನ್ಸಿನಲ್ಲಿ ಬರೆಯಿಸಿಕೊಂಡೇ ಬರಬೇಕು. ಸಾವಕಾರರು ಅರ್ಧ ಡೊಂಬಿವಲಿಯ ಕೊರಳಿಗೆ ಸರ ತೊಡಿಸಿದವರಾದರೂ ಕಾಡತೂಸಿನ ಅಂಗಡಿಯಲ್ಲಿ ಅವರಿಗೆ ಸಿಗುತ್ತಿದ್ದದ್ದು ಚಹಾ ಮಾತ್ರ.

ಹಿಂದೆ ಮಹಾದೇವಪ್ಪ ಫೌಜಿನಲ್ಲಿದ್ದ. ಅಲ್ಲಿ ಅವನು ಒಂದೇ ಗುಂಡಿಗೆ ಹದಿನೇಳು ವೈರಿಗಳನ್ನು ಮಲಗಿಸಿದ ಕಥೆ ಬಜಾರಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಗುಂಡು ಮೊದಲನೆಯವನನ್ನು ದಾಟಿ, ಬಂಡೆಗೆ ಬಡಿದು ತಿರುಗಿ, ಚಹಾ ಕುಡಿಯಲು ಕೂತಿದ್ದ ಉಳಿದವರನ್ನು ಸಾಲಾಗಿ ಮಾತಾಡಿಸಿಕೊಂಡು ಬಂತಂತೆ. ಈ ಕಥೆಯಿಂದಾಗಿಯೇ ಕಳ್ಳರು ಆ ರಸ್ತೆಗೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆಂದು ಸಾವಕಾರರು ಹೆಮ್ಮೆಪಡುತ್ತಿದ್ದರು.

ಅಂಗಡಿಯ ಹಿಂಗೋಡೆ ಇಟ್ಟಿಗೆಯದಲ್ಲ, ನಡುವೆ ಸಂದು ಬಿಟ್ಟ ಎರಡು ಪ್ಲೈವುಡ್ ಹಾಳೆಗಳದು. ಒಂದೇ ದೊಡ್ಡ ಅಂಗಡಿಯನ್ನು ಅಡ್ಡಡ್ಡ ಸೀಳಿ ಎರಡು ಮಾಡಿದ್ದರು. ಹಿಂದಿನ ಅರ್ಧದಲ್ಲಿ ಕಲಬುರಗಿಯ ಶರಣಬಸಮ್ಮ ಪಾಳಣಾಘರ ನಡೆಸುತ್ತಿದ್ದಳು. ಮುಂಜಾನೆಯ ಲೋಕಲ್ ಹಿಡಿಯುವ ತಾಯಂದಿರು ಕೂಸುಗಳನ್ನು ಅಲ್ಲಿ ಬಿಟ್ಟು ಓಡುತ್ತಿದ್ದರು, ಸಂಜೆ ಬಂದು ಒಯ್ಯುತ್ತಿದ್ದರು. ಒಟ್ಟು ಹದಿನಾಲ್ಕು ಕೂಸುಗಳು. ಮಧ್ಯಾಹ್ನ ಒಂದು ಗಂಟೆಗೆ ಶರಣಬಸಮ್ಮ ಕೌದಿ ಹಾಸಿ ಅವನ್ನು ಮಲಗಿಸಿದಳೆಂದರೆ ನಾಲ್ಕರವರೆಗೆ ಡೊಂಬಿವಲಿಯಲ್ಲಿ ಕಾಲವೇ ಇರುತ್ತಿರಲಿಲ್ಲ. ಹದಿನಾಲ್ಕು ಉಸಿರುಗಳು ಕೂಡಿ ಪ್ಲೈವುಡ್ಡನ್ನು ಉಬ್ಬಿಸಿ ಇಳಿಸುತ್ತಿದ್ದವು. ಗಾಜಿನೊಳಗಿನ ಸರಗಳು ಆ ಅಲೆಗೆ ಮೆಲ್ಲಗೆ ತೂಗುತ್ತಿದ್ದವು. ತಕ್ಕಡಿಯ ಎರಡು ತಟ್ಟೆಗಳೂ ಒಂದರ ಹೆಗಲಿಗೊಂದು ತಲೆಯಿಟ್ಟು ತೂಕಡಿಸುತ್ತಿದ್ದವು. ನಿದ್ದೆ ಬಾಗಿಲು ದಾಟಿ ರಿಕ್ಷಾ ಸ್ಟ್ಯಾಂಡಿಗೆ ಹರಿದು, ಅಲ್ಲಿಂದ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿತ್ತು; ಒಮ್ಮೆ ಠಾಣೆಯ ಲೋಕಲ್ಲೊಂದು ಪ್ಲಾಟ್‌ಫಾರ್ಮಿನಲ್ಲೇ ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಗೊರಕೆ ಹೊಡೆದದ್ದನ್ನು ಜನ ಸಿಗ್ನಲ್ ತೊಂದರೆ ಎಂದುಕೊಂಡರು. ಆ ಹೊತ್ತಿನಲ್ಲಿ ಮಹಾದೇವಪ್ಪ ಬಂದೂಕಿಗೆ ಗಲ್ಲ ಆನಿಸಿ, ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ತೆಪ್ಪದ ಮೇಲೆ ತೇಲುತ್ತಿದ್ದ.

ಜೂನಿನ ಮೊದಲ ಮಳೆಯ ಜೊತೆಗೆ ಸಾವಕಾರರ ಫೋನಿಗೆ ಒಂದು ವೀಡಿಯೊ ಬಂತು. ಎಲ್ಲೋ ದೂರದ ಊರಿನಲ್ಲಿ, ಹಾಡಹಗಲಿನಲ್ಲಿ, ಹೆಲ್ಮೆಟ್ ತೊಟ್ಟ ನಾಲ್ವರು ಬಂಗಾರದಂಗಡಿಗೆ ನುಗ್ಗಿದ್ದರು. ಅಂದಿನಿಂದ ಸಾವಕಾರರಿಗೆ ಹೆಲ್ಮೆಟ್ ತೊಟ್ಟವರೆಲ್ಲ ದರೋಡೆಕೋರರು. ಕೊರಿಯರ್‌ನವನು ಬಂದಾಗ ಸ್ವತಃ ಕೌಂಟರಿನ ಕೆಳಗೆ ಕೂತು ಸಹಿ ಮಾಡಿದರು.

ಮೂರನೆಯ ದಿನ ಪುಂಡರೀಕಾಕ್ಷ ಬಂದ. ಉಡುಪಿಯ ಕಡೆಯವನು, ಕಾಡತೂಸು ಕಂಪನಿಯೊಂದರ ಏಜೆಂಟು. ಅವನ ನಗು ಎಷ್ಟು ಅಗಲವೆಂದರೆ ಬಾಗಿಲಲ್ಲಿ ಅಡ್ಡ ತಿರುಗಿ ಬರಬೇಕಾಯಿತು. ಚೀಲದಿಂದ ಬಂಗಾರಬಣ್ಣದ ಡಬ್ಬಿಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟ. ಮೇಲೆ 'ಕಮಲಾಸ್ತ್ರ' ಎಂದು ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ: ಒಂದೇ ಹೊಡೆತ, ಎಂಟು ದಳ, ಗೋಡೆ ದಾಟದು.

"ನೋಡಿ ಮಾರಾಯ್ರೆ, ಇದು ಸಾದಾ ತೋಟೆ ಅಲ್ಲ. ಆತ್ಮರಕ್ಷಣೆಗೆ ಅಂತಲೇ ಮಾಡಿದ್ದು. ಮೈಯೊಳಗೆ ಹೋದದ್ದೇ ತಡ, ಗುಂಡು ಎಂಟು ದಳ ಬಿಚ್ಚಿ ಅರಳ್ತದೆ. ಕಳ್ಳ ನಿಂತಲ್ಲೇ ಕೂತ! ತಪ್ಪಿ ಗೋಡೆಗೆ ತಾಗಿದ್ರೆ ಅಲ್ಲೇ ಪುಡಿ ಪುಡಿ. ಆಚೆ ಮನೆಯ ಬೆಕ್ಕಿಗೂ ಎಚ್ಚರ ಆಗ್ಲಿಕ್ಕಿಲ್ಲ, ಗೊತ್ತುಂಟಾ?"

ಫೋನಿನಲ್ಲಿ ಅವನೊಂದು ಚಿತ್ರ ತೋರಿಸಿದ. ಜೇನಿನ ಬಣ್ಣದ ದೊಡ್ಡ ಜೆಲ್ಲಿಯ ಇಟ್ಟಿಗೆ. ಅದರೊಳಗೆ ಗುಂಡು ನಿಧಾನವಾಗಿ, ಅತಿ ನಿಧಾನವಾಗಿ, ಯಾರದೋ ನಿದ್ದೆಯೊಳಗೆ ಕಾಲಿಡುವಂತೆ ನುಗ್ಗಿತು. ಹಿಂದೆ ಪಿಟೀಲು. ಗುಂಡಿನ ಮೂತಿ ಬಿರಿಯಿತು, ಒಂದೊಂದೇ ದಳ ಹೊರಗೆ ಬಾಗಿತು, ಜೆಲ್ಲಿ ತುಂಬ ಬೆಳ್ಳಿಯ ಕಮಲ. ಸಾವಕಾರರ ಕಣ್ಣು ಒದ್ದೆಯಾಯಿತು. ಮಗಳ ಮದುವೆಯ ವೀಡಿಯೊ ನೋಡುವಾಗಲೂ ಅವರು ಅಷ್ಟು ಕರಗಿರಲಿಲ್ಲ.

"ಮಾದೇವಪ್ಪ," ಎಂದರು ಬಾಗಿಲಿನಿಂದ ಇಣುಕಿ ನೋಡುತ್ತಿದ್ದವನ ಕಡೆ ತಿರುಗಿ, ಮೂಗು ಒರೆಸಿಕೊಂಡು, "ಸೋಮವಾರದಿಂದ ನಿನ್ನ ಸ್ಟೂಲು ಒಳಗ. ಬಾಗಲಕ್ಕ ಬೆನ್ನ ಹಚ್ಚಿ, ಕೌಂಟರ್ ಕಡೆ ಮಾರಿ ಮಾಡಿ ಕುಂಡ್ರು. ಎರಡೂ ನಳಿಗ್ಯಾಗ ಇದು ತುಂಬಿರ್ಲಿ. ಯಾವನರ ಕೌಂಟರಿಗೆ ಕೈ ಹಾಕಿದಾ ಅಂದ್ರ ಹೊಡದ ಬಿಡು."

"ಕೌಂಟರಿನ ಹಿಂದ ಕೂಸುಗಳದಾವ್ರಿ, ಸಾವಕಾರ್ರ."

"ಗೋಡಿ ದಾಟೂದಿಲ್ಲಂತ ಡಬ್ಬಿ ಮ್ಯಾಲ ಬರದಾರಲ್ಲೊ! ಓದಾಕ ಬರೂದಿಲ್ಲೇನ?"

ಹನ್ನೊಂದು ವರ್ಷದಿಂದ ಅಂಗಡಿಯಲ್ಲಿ ಇದ್ದ ಕಟ್ಟಳೆ ಒಂದೇ: ಬಂದೂಕಿನ ಮೂತಿ ಒಳಗೆ ತಿರುಗಬಾರದು. ಅದು ಈಗ ಒಂದು ಡಬ್ಬಿಯ ಮಾತಿಗೆ ಮುರಿಯಿತು. ಮಹಾದೇವಪ್ಪ ತಲೆ ಕೆರೆದುಕೊಂಡದ್ದನ್ನು ಕಂಡು ಸಾವಕಾರರು ಸೇರಿಸಿದರು: "ನಿನ್ನ ಕೈಲೆ ಆಗೂದಿಲ್ಲಂದ್ರ ಹೇಳಿಬಿಡು, ಬ್ಯಾಸರಿಲ್ಲ. ಉಲ್ಹಾಸನಗರದಾಗ ಒಬ್ಬ ಗನ್‌ಮ್ಯಾನ್ ತಯಾರದಾನ. ಅವನ ಲೈಸನ್ಸಿನ್ಯಾಗ ಬರಸ್ತೀನಿ."

ಇದು ಕೇಳಿದ ಮೇಲೆ ಕೆಲಸ ಬಿಟ್ಟು ಹೋಗುವ ದಾರಿಯೂ ಮುಚ್ಚಿತು. ಇವನು ಎದ್ದರೆ ಆ ಸ್ಟೂಲಿನ ಮೇಲೆ ಇನ್ನೊಬ್ಬ ಕೂರುತ್ತಾನೆ, ಮೂತಿ ಮಾತ್ರ ಕೂಸುಗಳ ಕಡೆಗೇ ಇರುತ್ತದೆ.

ಸುಳ್ಳು ಹೊಸೆಯುವುದರಲ್ಲಿ ಮಹಾದೇವಪ್ಪ ಅಂಥಿಂಥ ಆಳಲ್ಲ. ಅವನ ಒಂದು ಸುಳ್ಳಿಗೆ ಅಂಬರನಾಥದಲ್ಲಿ ಬೀಜ ಬಿದ್ದರೆ ಮುಂಬ್ರಾದಲ್ಲಿ ನೆರಳು ಸಿಗುತ್ತಿತ್ತು. ಅಕ್ಕಸಾಲಿಗನಿಗೆ ಹಿತ್ತಾಳೆಯ ವಾಸನೆ ಹತ್ತುವಂತೆ ಅವನಿಗೆ ಬೇರೆಯವರ ಸುಳ್ಳಿನ ವಾಸನೆ ಹತ್ತುತ್ತಿತ್ತು. ಎಂಟು ದಳ. ಏಳಲ್ಲ, ಒಂಬತ್ತಲ್ಲ, ಎಂಟು. ತಾನು ಹದಿನೇಳು ಎನ್ನುತ್ತಿದ್ದದ್ದೂ ಹೀಗೇ ಅಲ್ಲವೆ? 'ಬಹಳ ಮಂದಿ' ಎಂದಿದ್ದರೆ ಯಾರು ನಂಬುತ್ತಿದ್ದರು? ಇನ್ನೊಂದು: ತನ್ನ ಕಥೆಯ ವೈರಿಗಳು ಎಂದೂ ಅಲುಗಾಡುತ್ತಿರಲಿಲ್ಲ, ಅವರಿಗೆ ಕೋಟು ಕಂಬಳಿ ಇರುತ್ತಿರಲಿಲ್ಲ, ಅಲ್ಲಿ ಗಾಳಿ ಬೀಸುತ್ತಿರಲಿಲ್ಲ. ಆ ಜೆಲ್ಲಿಯೂ ಹಾಗೇ ಕೂತಿತ್ತು, ಬರಿಮೈಯಲ್ಲಿ, ಕದಲದೆ. ಗೋಡೆಯ ಮಾತು ಡಬ್ಬಿಯ ಮೇಲಿತ್ತೇ ಹೊರತು ಚಿತ್ರದಲ್ಲಿ ಗೋಡೆಯೇ ಇರಲಿಲ್ಲ. ಒಂದು ಕರಿಯ ಪರದೆ ಇತ್ತು. ಪರದೆಯ ಆಚೆ ಯಾರು ಮಲಗಿದ್ದರೋ.

ಆ ಮಧ್ಯಾಹ್ನ ಕಣ್ಣು ಮುಚ್ಚಿತೋ ಇಲ್ಲವೋ, ಬಂದೂಕಿನ ಎರಡು ನಳಿಗೆಗಳಿಂದ ಎರಡು ಮೊಗ್ಗುಗಳು ಹೊರಬಂದು ಗಾಳಿಯಲ್ಲಿ ಈಜತೊಡಗಿದವು. ಅವಸರವೇ ಇಲ್ಲ. ಕೌಂಟರಿನ ಗಾಜಿನ ಮೇಲೆ ತಮ್ಮ ನೆರಳು ನೋಡಿಕೊಂಡವು, ನೇತುಹಾಕಿದ ಬಳೆಯೊಂದರ ಒಳಗಿಂದ ತೂರಿದವು, ಪ್ಲೈವುಡ್ಡಿನ ಮುಂದೆ ಬಂದು ನೆಂಟರ ಹಾಗೆ ಎರಡು ಸಲ ತಟ್ಟಿದವು. ಪ್ಲೈವುಡ್ಡು ಸೌಜನ್ಯದಿಂದ ಸರಿದು ದಾರಿ ಕೊಟ್ಟಿತು. ಆಚೆ ಹದಿನಾಲ್ಕು ಕೂಸುಗಳು. ಒಂದರ ಬಾಯಲ್ಲಿ ಹೆಬ್ಬೆರಳು, ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ, ಒಂದು ನಿದ್ದೆಯಲ್ಲೇ ಯಾರಿಗೋ ನಗುತ್ತಿತ್ತು. ಎಲ್ಲಿ ಅರಳೋಣ ಎಂದು ಮೊಗ್ಗುಗಳು ಒಂದನ್ನೊಂದು ಕೇಳಿಕೊಂಡವು.

ಮಹಾದೇವಪ್ಪ ಚೀರಿದ ಚೀರಿಗೆ ಡೊಂಬಿವಲಿಯ ಕಾಗೆಗಳೆಲ್ಲ ಎದ್ದು ಠಾಕುರ್ಲಿಗೆ ಹೋಗಿ ಕೂತವು. ಶರಣಬಸಮ್ಮ ಹಿಂದಿನಿಂದ ಓಡಿಬಂದಳು.

"ಏನಾತ್ ಕಾಕಾ? ಕೂಸುಗಳು ಎದ್ದು ಕುಂತಾವ ನೋಡ್ರಿ."

ಅವನು ಎಲ್ಲ ಹೇಳಿದ. ಕಮಲ, ಡಬ್ಬಿ, ಸೋಮವಾರ. ಅವಳು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಸೀದಾ ಅಂಗಡಿಯೊಳಗೆ ನಡೆದಳು. ಸಾವಕಾರರೂ ಪುಂಡರೀಕಾಕ್ಷನೂ ಎರಡನೆಯ ಚಹಾದಲ್ಲಿದ್ದರು.

"ಸಾವಕಾರ್ರೀ, ಒಂದ್ ಮಾತ್ ಕೇಳ್ತೀನಿ. ಮನಷ್ಯಾನ ಎದಿ ಹೊಕ್ಕು ಎಲುವು ಮುರಿಯೋ ಗುಂಡಿಗಿ, ನಮ್ ಪ್ಲೈವುಡ್ ಕಂಡ್ರ ಅಂಜಿಕಿ ಬರ್ತದೇನು?"

ಸಾವಕಾರರು ಪುಂಡರೀಕಾಕ್ಷನ ಮುಖ ನೋಡಿದರು. ಪುಂಡರೀಕಾಕ್ಷ ಚಹಾದ ಮುಖ ನೋಡಿದ.

"ಅದು... ಟೆಕ್ನಾಲಜಿ ಅಕ್ಕಾ. ಹೇಳಿದ್ರೆ ನಿಮಗೆ ಅರ್ಥ ಆಗ್ಲಿಕ್ಕೆ ಕಷ್ಟ ಉಂಟು."

"ಹೇಳಬ್ಯಾಡ್ರಿ, ಹೊಡದ ತೋರಸ್ರಿ. ನಂದೇ ಗೋಡಿ ತರ್ತೀನಿ."

ಮಹಾದೇವಪ್ಪನೂ ಬಾಗಿಲಲ್ಲಿ ಬಂದು ನಿಂತ. "ನನ್ನ ಲೈಸನ್ಸಿನ್ಯಾಗ ಬರಸೂದಾದ್ರ ಮೊದಲ ನೋಡಬೇಕ್ರಿ. ಉಲ್ಹಾಸನಗರದವ ಬಂದ್ರೂ ಅವನೂ ಇದನ್ನ ಕೇಳ್ತಾನ."

ಉಲ್ಹಾಸನಗರದವನು ಕೇಳುತ್ತಿದ್ದನೋ ಇಲ್ಲವೋ. ಸಾವಕಾರರಿಗೆ ಆ ಕಮಲ ಕಣ್ಣಾರೆ ಅರಳುವುದನ್ನು ನೋಡುವ ಆಸೆ ಹುಟ್ಟಿತು. ಶನಿವಾರ ಕಲ್ಯಾಣದ ಅಂಗಡಿಯಲ್ಲಿ ಲೈಸನ್ಸು ತೋರಿಸಿ ಐದು ಕಮಲಾಸ್ತ್ರ ಬರೆಸಿಕೊಂಡದ್ದಾಯಿತು. ಭಾನುವಾರ ಬೆಳಗ್ಗೆ ಸಾವಕಾರರ ಕಾರು, ಒಳಗೆ ನಾಲ್ವರನ್ನೂ ಕೂರಿಸಿಕೊಂಡು, ಮೇಲೆ ಪ್ಲೈವುಡ್ಡಿನ ಎರಡು ಹಾಳೆ ಕಟ್ಟಿಕೊಂಡು, ಖಾರಘರದ ಗುಡ್ಡದ ಬುಡದಲ್ಲಿದ್ದ ಒಂದು ಶೂಟಿಂಗ್ ರೇಂಜಿಗೆ ಹೊರಟಿತು.

ಗುಡ್ಡಗಳು ಆ ಬೆಳಗ್ಗೆ ಎದ್ದೇ ಇರಲಿಲ್ಲ. ಮೋಡವನ್ನು ಕುತ್ತಿಗೆಯವರೆಗೆ ಹೊದ್ದು ಮಲಗಿದ್ದವು. ನೂರೆಂಟು ಸಣ್ಣ ಜಲಪಾತಗಳು ಸದ್ದು ಮಾಡಿದರೆ ಬೈಸಿಕೊಳ್ಳಬೇಕಾದೀತೆಂಬಂತೆ ತುದಿಗಾಲಲ್ಲಿ ಇಳಿಯುತ್ತಿದ್ದವು. ಕೆಳಗಿನ ಎತ್ತರದ ಕಟ್ಟಡಗಳ ಮೇಲಿನ ಮಹಡಿಗಳು ಮೋಡದಲ್ಲಿ ಕಳೆದುಹೋಗಿ, ಅಲ್ಲಿನ ಜನ ಲಿಫ್ಟಿನಲ್ಲಿ ಸ್ವರ್ಗಕ್ಕೆ ಹೋಗಿ ಹಾಲು ತೆಗೆದುಕೊಂಡು ಬರುತ್ತಿದ್ದರು.

ಮಣ್ಣಿನ ದಿಬ್ಬದ ಮುಂದೆ ಪ್ಲೈವುಡ್ಡಿನ ಎರಡು ಹಾಳೆಗಳನ್ನು, ಅಂಗಡಿಯಲ್ಲಿ ಇದ್ದಷ್ಟೇ ಸಂದು ಬಿಟ್ಟು, ನಿಲ್ಲಿಸಿದರು. ಅದರ ಹಿಂದೆ ಶರಣಬಸಮ್ಮ ಒಂದು ಕೌದಿ ಇಳಿಬಿಟ್ಟಳು. ಹಳೆ ಸೀರೆಗಳ ತುಂಡು ಸೇರಿಸಿ ಹೊಲಿದದ್ದು, ಕೂಸುಗಳು ಮಲಗುವಂಥದ್ದು. ಪ್ಲೈವುಡ್ಡಿನ ಮುಂದೆ ಒದ್ದೆ ಪೇಪರಿನ ದೊಡ್ಡ ಕಟ್ಟು, ಮನುಷ್ಯನ ಎದೆಯಷ್ಟು ದಪ್ಪ. ಪಾಳಣಾಘರದ ರದ್ದಿಯನ್ನು ಎರಡು ದಿನ ಡ್ರಮ್ಮಿನಲ್ಲಿ ನೆನೆಸಿ ಮಾಡಿದ್ದು.

ಮೊದಲ ಗುಂಡು. ಬಂದೂಕನ್ನು ಮರಳ ಚೀಲದ ಮೇಲೆ ಒರಗಿಸಿ, ರೇಂಜಿನ ಉಸ್ತಾದ ಪಕ್ಕದಲ್ಲಿ ನಿಂತು, ಮಹಾದೇವಪ್ಪ ಕುದುರೆ ಎಳೆದ. ಸದ್ದಿಗೆ ಗುಡ್ಡವೊಂದು ಮಗ್ಗುಲು ಬದಲಿಸಿತು. ಕಟ್ಟು ಬಿಚ್ಚಿ ನೋಡಿದರೆ ಪುಂಡರೀಕಾಕ್ಷನ ಮಾತು ಸುಳ್ಳಾಗಿರಲಿಲ್ಲ: ಪೇಪರಿನ ಕೊನೆಯ ಪದರಗಳಲ್ಲಿ ಗುಂಡು ನಿಂತಿತ್ತು, ಎಂಟೂ ದಳ ಬಿಚ್ಚಿ. ಪುಂಡರೀಕಾಕ್ಷ ಕುಣಿದ. ಸಾವಕಾರರು ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಕ ನೋಡಿದರು.

"ಮುಗೀತಲ್ಲವ್ವ? ಇನ್ನೇನ್ ಬೇಕು?"

"ಇವ ಬೆತ್ತಲೆ ನಿಂತಾನ್ರಿ," ಎಂದಳು ಶರಣಬಸಮ್ಮ. "ನಿಮ್ ಅಂಗಡಿಗಿ ಯಾರರೆ ಹಿಂಗ್ ಬರ್ತಾರೇನು? ಮಳಿಗಾಲ ಅದ." ಚೀಲದಿಂದ ಉಲ್ಹಾಸನಗರದ ದಪ್ಪ ಜೀನ್ಸಿನ ಜಾಕೀಟು ತೆಗೆದು ಹೊಸ ಕಟ್ಟಿಗೆ ತೊಡಿಸಿದಳು. ಮೇಲೊಂದು ರೇನ್‌ಕೋಟು. ಗುಂಡಿ ಹಾಕುವಾಗ ಕೂಸಿಗೆ ಹಾಕಿದಷ್ಟೇ ಜತನ.

ಎರಡನೆಯ ಗುಂಡು ಬಟ್ಟೆ ತೊಟ್ಟವನ ಎದೆಗೇ ಬಿತ್ತು. ಕಟ್ಟು ಬಿಚ್ಚಿದರು, ಗುಂಡಿಲ್ಲ. ಪ್ಲೈವುಡ್ಡಿನ ಮೊದಲ ಹಾಳೆಯಲ್ಲಿ ತೂತು, ಎರಡನೆಯದರಲ್ಲೂ ತೂತು. ಉಸ್ತಾದ ದಿಬ್ಬ ಕೆದಕಿ ಗುಂಡನ್ನು ಹುಡುಕಿ ತಂದ. ದಳಗಳು ಅರಳಿಯೇ ಇರಲಿಲ್ಲ. ಅರಳಲೆಂದೇ ಮೂತಿಯಲ್ಲಿ ಕೊರೆದಿದ್ದ ತೂತಿನೊಳಗೆ ಜೀನ್ಸಿನ ನೀಲಿ ನೂಲು ಬಿರಡೆಯಂತೆ ಗಿಡಿದುಕೊಂಡಿತ್ತು.

"ಇದು ಉಲ್ಹಾಸನಗರದ ಬಟ್ಟೆಯ ತಪ್ಪು ಮಾರಾಯ್ರೆ!" ಎಂದು ಪುಂಡರೀಕಾಕ್ಷ ಬೆವರಿದ. "ಅಷ್ಟು ದಪ್ಪ ಹೊಲಿಯುವುದಾ? ಒಳ್ಳೆ ಮನೆತನದ ಕಳ್ಳರು ಹಾಗೆಲ್ಲ ಹಾಕ್ಕೊಳ್ಳುವುದಿಲ್ಲ."

"ಕಳ್ಳರಿಗಿ ಮೊದಲ ಫೋನ್ ಮಾಡಿ ತೆಳ್ಳನ್ನ ಅಂಗಿ ಹಾಕ್ಕೊಂಬಾ ಅಂತ ಹೇಳ್ಬೇಕೇನ್ರಿ?"

ಸಾವಕಾರರು ತೂತಿಗೆ ಕಣ್ಣಿಟ್ಟು ನೋಡಿದರು. ಆದರೂ ಅಂಗೈಯ ಕಮಲವನ್ನು ಬಿಡಲು ಮನಸ್ಸಿಲ್ಲ. "ಒಬ್ಬನ ಮೈ ದಾಟಿ ಬಂದದ್ದು ಎಷ್ಟ ಜೋರಿರ್ತೈತಿ ಬಿಡು. ಮತ್ತ ನಮ್ಮ ಮಾದೇವಪ್ಪ ಎದಿಗೆ ಹೊಡಿಯೂದಿಲ್ಲ, ಕಾಲಿಗೆ ಹೊಡೀತಾನ. ಏನಲೆ? ಚೀಲಾ ತಗದ ಬಿಡು, ಅಂಗಡ್ಯಾಗ ಹೊಡಿಯೂವಂಗ ಎದ್ದ ನಿಂತು ಹೊಡಿ. ನಾ ಒದರತೀನಿ."

ಮಹಾದೇವಪ್ಪ ಎದ್ದು ನಿಂತ. ಬಂದೂಕನ್ನು ಹೆಗಲಿಗೇರಿಸಿದ. ಹದಿನೈದು ಹೆಜ್ಜೆ ದೂರದಲ್ಲಿ, ಮತ್ತೆ ಬಿಗಿದು ಕಟ್ಟಿಸಿಕೊಂಡ ರೇನ್‌ಕೋಟಿನವನು ನಿಂತಿದ್ದ. ಸಾವಕಾರರು ಬೆನ್ನ ಹಿಂದೆ, "ಅಯ್ಯೋ ಕಳ್ಳ! ಬಂಗಾರಾ! ಹೊಡಿಯೊ!" ಎಂದು ಪನವೇಲಿನವರೆಗೆ ಕೇಳುವಂತೆ ಒದರಿದರು. ಮೋಡದ ತುಂಡೊಂದು ಇಳಿದು ಎಲ್ಲರನ್ನೂ ಹಾಲಿನಲ್ಲಿ ಅದ್ದಿ ತೆಗೆದಂತಾಯಿತು. ಗುಂಡು ಹಾರಿತು.

ಮೋಡ ಸರಿದಾಗ ರೇನ್‌ಕೋಟಿನವನು ಹಾಯಾಗಿ ನಿಂತೇ ಇದ್ದ. ಅವನ ಬಲಕ್ಕೆ ಎರಡು ಮೊಳ ಆಚೆ ಪ್ಲೈವುಡ್ಡಿನಲ್ಲಿ ಹೊಸ ತೂತು. ಶರಣಬಸಮ್ಮ ಹೋಗಿ ಕೌದಿಯನ್ನು ಬಿಚ್ಚಿ ತಂದು ಸಾವಕಾರರ ಕೈಗೆ ಕೊಟ್ಟಳು. ಎರಡು ತೂತು. ಹೊಸದು ಕೌದಿಯ ನಟ್ಟನಡುವೆ, ಹಳದಿ ಸೀರೆಯ ತುಂಡಿನಲ್ಲಿತ್ತು. ಸಾವಕಾರರ ಬೆರಳು ತಾನಾಗಿ ಅದರೊಳಗೆ ಹೋಯಿತು, ಉಂಗುರದವರೆಗೂ ಹೋಯಿತು.

ಆಮೇಲೆ ಸಾವಕಾರರು ಮೆಲ್ಲಗೆ ಕೇಳಿದರು. ದನಿಯಲ್ಲಿ ಒಂದು ಬೇಡಿಕೆಯೇ ಇತ್ತು. "ಬೇಕಂತನ ಗೋಡಿಗೆ ಹೊಡದಿ, ಹೌದಲ್ಲೊ? ನೀ ತಪ್ಪಾಂವಲ್ಲ."

ಪುಂಡರೀಕಾಕ್ಷನೂ ಆ ಹಗ್ಗವನ್ನು ಹಿಡಿದ. "ಹೌದು, ಹೌದು! ಫೌಜಿನವರು ತಪ್ಪುವುದುಂಟಾ? ಇವರು ಸರಿಯಾಗಿ ಹೊಡೆದ್ರೆ ಗೋಡೆಯ ಪ್ರಶ್ನೆಯೇ ಬರುವುದಿಲ್ಲ ಅಲ್ವಾ?"

ಎಂಥ ಸುಲಭದ ಬಾಗಿಲು! ಹೌದು ಎಂದರೆ ಸಾಕಿತ್ತು. ಕಣ್ಣು ಮುಚ್ಚಿ ಹೊಡೆದೆ, ಎಡಗೈಯಲ್ಲಿ ಹೊಡೆದೆ, ಕೌದಿಯ ಹಳದಿ ತುಂಡನ್ನೇ ಗುರಿಯಿಟ್ಟು ಹೊಡೆದೆ. ಹತ್ತು ಕಥೆಗಳು ಮೀಸೆಯ ಕೆಳಗೆ ಬಂದು ಸಾಲು ಹಚ್ಚಿದವು. ಆದರೆ ಹೌದು ಎಂದ ಮರುಗಳಿಗೆಯೇ ಸಾವಕಾರರು ನಂಬುತ್ತಾರೆ, ಸೋಮವಾರ ಸ್ಟೂಲು ಒಳಗೆ ಹೋಗುತ್ತದೆ. ಮಹಾದೇವಪ್ಪ ಬಂದೂಕಿನ ನಳಿಗೆ ಮಡಚಿ ಖಾಲಿ ಕಾಡತೂಸು ತೆಗೆದ. ಅದು ಇನ್ನೂ ಬೆಚ್ಚಗಿತ್ತು.

"ಇಲ್ರಿ ಸಾವಕಾರ್ರ. ತಪ್ತು. ಅಂಗಡ್ಯಾಗೂ ಹಿಂಗ ತಪ್ತೈತಿ."

"ಏನಂತಿ? ಮತ್ತ ಆ ಹದಿನೇಳು ಮಂದಿ?"

"ಒಬ್ಬಾಂವೂ ಇಲ್ರಿ. ನಾ ಫೌಜಿನ್ಯಾಗ ಕಂಬಳಿ ಸ್ಟೋರಿನ್ಯಾಗಿದ್ನಿ. ಮನಷ್ಯಾನ ಮ್ಯಾಲ ಇಲ್ಲೀತನಕ ಒಂದ ಗುಂಡೂ ಹಾರ್ಸಿಲ್ಲ."

ಆ ಮಾತು ಹೊರಬಿದ್ದ ಭಾರಕ್ಕೆ ಖಾರಘರ ಒಂದಂಗುಲ ಕೆಳಗೆ ಕೂತಿತು. ಪುಂಡರೀಕಾಕ್ಷ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ, ಯಾರೂ ಕೇಳದಿದ್ದರೂ, "ನಾನೂ ಇದನ್ನು ಹೊಡೆದು ನೋಡಿದವನಲ್ಲ ಮಾರಾಯ್ರೆ. ಹೋದ ವರ್ಷದವರೆಗೆ ಮಿಕ್ಸಿ ಮಾರ್ತಿದ್ದೆ," ಎಂದ. ಅವನ ನಗು ಮೊದಲ ಬಾರಿಗೆ ಮುಖದ ಅಳತೆಗೆ ಬಂದಿತ್ತು. ಹಾರ್ಬರ್ ಲೈನಿನ ಸ್ಟೇಷನ್ನಿನ ಹತ್ತಿರ ಇಳಿಸಿ ಎಂದು ಕೇಳಿಕೊಂಡ. ಇಳಿಸಿದರು.

ಸಾವಕಾರರು ಸ್ಟೀರಿಂಗ್ ಹಿಡಿದು ಕಾರನ್ನು ತುರ್ಭೆ ದಾಟಿಸಿದರು. ಪಕ್ಕದಲ್ಲಿ ಮಹಾದೇವಪ್ಪ ಕೆಲಸ ಹೋದವನ ಹಾಗೆ ಕೂತಿದ್ದ. ಹಿಂದಿನ ಸೀಟಿನಲ್ಲಿ ಶರಣಬಸಮ್ಮ ಕೌದಿ ಮಡಚಿಕೊಂಡು ಕೂತಿದ್ದಳು. ಮಳೆ ಜೋರಾಯಿತು, ವೈಪರುಗಳು ಗಾಜಿನ ಮೇಲೆ ಲಾಲಿ ಹೇಳತೊಡಗಿದವು.

"ಉಲ್ಹಾಸನಗರದವಗ ಬರಬ್ಯಾಡಂತ ಹೇಳ್ತೀನಿ," ಎಂದರು ಸಾವಕಾರರು ಕೊನೆಗೆ. "ನೀ ಹೊರಗ ಕುಂಡ್ರು. ಯಾವನರ ಒಳಗ ಬಂದಾ ಅಂದ್ರ ಎಲ್ಲಾ ಒಯ್ಲಿ, ವಿಮಾ ಐತಿ. ಒಳಗ ಮಾತ್ರ ಗುಂಡು ಹಾರಬಾರದು. ಮತ್ತ ಈ ವಾರದಾಗ ಅಲ್ಲೊಂದು ಇಟ್ಟಂಗಿ ಗೋಡಿ ಏಳ್ಬೇಕು." ಸ್ವಲ್ಪ ತಡೆದು, "ಆ ಸ್ಟೋರಿನ ಮಾತು ಬಜಾರದಾಗ ಹೇಳಬ್ಯಾಡ," ಎಂದರು.

"ಇಲ್ರಿ."

"ನನಗ ಹೇಳು. ಕಂಬಳಿ ಅಂದ್ರ ಎಷ್ಟಿದ್ವು?"

ಮಹಾದೇವಪ್ಪ ಬಾಯಿ ತೆರೆದ. ನಾಲಿಗೆ ರೂಢಿಯಂತೆ ಒಂದು ದೊಡ್ಡ ಅಂಕಿ ಹಿಡಿದು ಬಂತು. ಅವನು ಅದನ್ನು ವಾಪಸು ಕಳಿಸಿದ. "ಎಣಿಸಿಲ್ರಿ. ಮಾಳಿಗಿತನಾ ಇದ್ವು. ಹೊರಗ ಮಂಜು ಬೀಳ್ತಿತ್ತು. ಗುಡ್ಡದ ಮ್ಯಾಲಿಂದ ಇಳದು ಬಂದ ಹುಡುಗೂರಿಗೆ ಮಾತ ಬರ್ತಿರಲಿಲ್ಲ, ಹಲ್ಲ ಕಟಕಟ ಅಂತಿದ್ವು. ನಾ ಒಂದೊಂದ ಕಂಬಳಿ ಹೊಚ್ಚತಿದ್ನಿ. ನಿಂತಲ್ಲೇ ನಿದ್ದಿ ಹತ್ತತಿತ್ರಿ ಅವ್ರಿಗೆ. ಕಂಬಳಿ ಕೊಟ್ಟ ಕೈಯಿ ಹಿಡಕೊಂಡನ ಮಲಗತಿದ್ರು, ಬಿಡಿಸ್ಕೊಳ್ಳಾಕ ಬರ್ತಿರಲಿಲ್ಲ. ಹಂಗ ಕುಂತಿರತಿದ್ನಿ..."

ರಬಾಳೆಯ ಕಾರ್ಖಾನೆಗಳು ಭಾನುವಾರದ ಮಳೆಯಲ್ಲಿ ಬಿಳಿ ಕಂಬಳಿ ಹೊದ್ದ ಸಿಪಾಯಿಗಳಂತೆ ಸಾಲಾಗಿ ನಿಂತೇ ಮಲಗಿದವು. ಹಿಂದಿನ ಸೀಟಿನಲ್ಲಿ ಶರಣಬಸಮ್ಮ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಯಾರನ್ನೂ ಮಲಗಿಸದೆ ತಾನು ಮೊದಲು ನಿದ್ದೆಹೋದಳು. ಸಿಗ್ನಲ್ ಕೆಂಪಾಯಿತು, ಹಸಿರಾಯಿತು, ಮತ್ತೆ ಕೆಂಪಾಯಿತು. ಹಿಂದೆ ತುರ್ಭೆಯ ತನಕ ಗಾಡಿಗಳು ನಿಂತು ಹಾರ್ನ್ ಹೊಡೆಯುತ್ತಿದ್ದವು. ಸಾವಕಾರರು ಗೇರಿನ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮಹಾದೇವಪ್ಪನ ಮೇಲೆಯೇ ನೆಟ್ಟು, "ಮುಂದ?" ಎಂದರು.